ಬೀಜಕೇಂದ್ರದ ಬಲಕ್ಕೆ ಕಂಪ್ಯೂಟರ್ ಲೆಕ್ಕ

ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ತಯಾರಿಕೆ ಆರಂಭವಾದದ್ದು 1923ರಲ್ಲಿ. ಅದಿರನ್ನು ಕರಗಿಸುವ ಕುಲುಮೆಯ ಬೆಂಕಿಗೂ ಜಗ್ಗದ ಬಂಧನವೊಂದು ಕಬ್ಬಿಣದ ಪ್ರತಿ ಪರಮಾಣುವಿನೊಳಗಿದೆ. ಅದರ ಬೀಜಕೇಂದ್ರದಲ್ಲಿ 26 ಪ್ರೋಟಾನ್‌ಗಳು, ಸಾಮಾನ್ಯವಾಗಿ 30 ನ್ಯೂಟ್ರಾನ್‌ಗಳು ಒತ್ತೊತ್ತಾಗಿ ಕೂಡಿವೆ. ಪ್ರೋಟಾನ್‌ಗಳೆಲ್ಲ ಧನ ವಿದ್ಯುದಾವೇಶದವು. ಒಂದನ್ನೊಂದು ದೂರ ತಳ್ಳಬೇಕು. ಆದರೂ ಅವು ಚದುರಿಹೋಗುವುದಿಲ್ಲ. ಏಕೆ?

ಇದಕ್ಕೆ ಉತ್ತರವಾಗಿ 1935ರಲ್ಲಿ ಜಪಾನಿನ ಹಿದೆಕಿ ಯುಕಾವಾ ಬಲವನ್ನು ಸಾಗಿಸುವ ಹೊಸ ಕಣವೊಂದನ್ನು ಊಹಿಸಿದರು. 1947ರಲ್ಲಿ ಅದು ವಿಶ್ವಕಿರಣಗಳಲ್ಲಿ ಪತ್ತೆಯಾಯಿತು. ಅದೇ ಪಯಾನ್. ಪಯಾನ್, ಪ್ರೋಟಾನ್, ನ್ಯೂಟ್ರಾನ್‌ಗಳೆಲ್ಲ ಹೇಡ್ರಾನ್ ಎಂಬ ಬಳಗಕ್ಕೆ ಸೇರಿದವು, ಅವು ಕ್ವಾರ್ಕ್‌ಗಳಿಂದಾದವು ಎಂಬುದು ಮುಂದೆ ತಿಳಿಯಿತು. ಕ್ವಾರ್ಕ್‌ಗಳ ನಿಯಮಗಳು 1973ರ ವೇಳೆಗೆ ಸ್ಪಷ್ಟವಾದರೂ ಆ ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸಲಾಗಲಿಲ್ಲ.

1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ ದೇಶಕಾಲಗಳನ್ನೇ ಒಂದು ಜಾಲರಿಯಾಗಿ ಭಾವಿಸಿದರು. ಗಂಟುಗಳಲ್ಲಿ ಕ್ವಾರ್ಕ್‌ಗಳು, ಗಂಟುಗಳ ನಡುವಿನ ಎಳೆಗಳಲ್ಲಿ ಅವನ್ನು ಬಂಧಿಸುವ ಗ್ಲುವಾನ್ ಕ್ಷೇತ್ರ. ಹೀಗೆ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸುವುದು ಸಾಧ್ಯವಾಗಿ, ಹೇಡ್ರಾನ್‌ಗಳ ದ್ರವ್ಯರಾಶಿ ದೊರೆಯತೊಡಗಿತು. ಆದರೆ ಎರಡು ಹೇಡ್ರಾನ್‌ಗಳು ಎದುರಾದಾಗ ಏನಾಗುತ್ತದೆಂಬುದು ಕಗ್ಗಂಟಾಗಿಯೇ ಉಳಿಯಿತು. ಡಿಕ್ಕಿಯಾದ ಕಣಗಳು ದೂರ ಸರಿಯಲು ಬಯಲು ಬೇಕು. ಜಾಲರಿಯೋ ಕಿರಿದಾದ ಪೆಟ್ಟಿಗೆ.

ಜರ್ಮನಿಯಲ್ಲಿದ್ದ ಮಾರ್ಟಿನ್ ಲೂಷರ್ 1986ರಲ್ಲಿ ಈ ಕೊರತೆಯನ್ನೇ ಅಳತೆಗೋಲಾಗಿಸಿದರು. ಒಂದೇ ಪೆಟ್ಟಿಗೆಯಲ್ಲಿಟ್ಟ ಎರಡು ಕಣಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವು ಪರಸ್ಪರ ತಳ್ಳಿದರೆ ಒಟ್ಟು ಶಕ್ತಿ ಬಿಡಿ ಕಣಗಳ ಶಕ್ತಿಯ ಮೊತ್ತಕ್ಕಿಂತ ತುಸು ಹೆಚ್ಚುತ್ತದೆ; ಸೆಳೆದರೆ ತಗ್ಗುತ್ತದೆ. ಪೆಟ್ಟಿಗೆಯ ಗಾತ್ರ ಗೊತ್ತಿದ್ದರೆ ಈ ಅಂತರದಿಂದಲೇ ಚದುರಿಕೆಯ ಪ್ರಮಾಣವನ್ನು ಕಂಡುಕೊಳ್ಳಬಹುದು.

ಈ ವಿಧಾನವನ್ನು ಒರೆಗೆ ಹಚ್ಚಿದ ಮೊದಮೊದಲ ಪ್ರಯತ್ನಗಳಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಅವರು ಅಮೆರಿಕದಲ್ಲಿದ್ದ ರಾಜನ್ ಗುಪ್ತ ಮತ್ತು ಸ್ಟೀಫನ್ ಶಾರ್ಪ್ ಅವರೊಡಗೂಡಿ 1993ರಲ್ಲಿ ಇಂಥದೊಂದು ಲೆಕ್ಕ ಪ್ರಕಟಿಸಿದರು. ಒಂದೇ ಬಗೆಯ ಆವೇಶವುಳ್ಳ ಎರಡು ಪಯಾನ್‌ಗಳ ನಡುವಿನ ಪ್ರಬಲ ಬಲ ಅದರ ವಿಷಯ. ನಿಜಕ್ಕಿಂತ ಹಲವು ಪಟ್ಟು ಭಾರದ ಪಯಾನ್‌ಗಳನ್ನು ಬಳಸಬೇಕಾಯಿತು. ಶೂನ್ಯದಲ್ಲಿ ಹುಟ್ಟಿ ಅಳಿಯುವ ಕ್ವಾರ್ಕ್ ಜೋಡಿಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು. ಅಂದಿನ ಕಂಪ್ಯೂಟರುಗಳ ಶಕ್ತಿ ಅಷ್ಟೇ ಇತ್ತು. ಆದರೂ ಫಲಿತಾಂಶ ಸಿದ್ಧಾಂತದ ನಿರೀಕ್ಷೆಗೆ ಹೊಂದಿಕೆಯಾಯಿತು.

ಆ ಎರಡು ರಾಜಿಗಳೂ ಇಂದು ಅನಿವಾರ್ಯವಲ್ಲ. ಪಯಾನ್‌ಗಳ ಲೆಕ್ಕ ಸಾಕಷ್ಟು ಖಚಿತವಾಗಿದೆ. ಪ್ರೋಟಾನ್, ನ್ಯೂಟ್ರಾನ್‌ಗಳ ಜೋಡಿಯ ವಿಷಯದಲ್ಲಿ ಮಾತ್ರ ಬೇಕಾದ ಸಂಕೇತ ಗದ್ದಲದಲ್ಲಿ ಬೇಗನೆ ಮುಳುಗಿಹೋಗುತ್ತದೆ. ಕಬ್ಬಿಣದ ಬೀಜಕೇಂದ್ರದ 56 ಕಣಗಳ ಬಂಧನವನ್ನು ಕ್ವಾರ್ಕ್‌ಗಳಿಂದಲೇ ಲೆಕ್ಕಹಾಕುವ ದಿನ ಇನ್ನೂ ದೂರವಿದೆ. ಆದರೆ ಅಲ್ಲಿಗೆ ಹೋಗುವ ದಾರಿಯ ಮೊದಲ ಮೆಟ್ಟಿಲು ಎರಡು ಕಣಗಳ ಈ ಲೆಕ್ಕವೇ.