ನಳಿಗೆಯ ಅಳತೆ, ಬಟ್ಟಲಿನ ಹೆಸರು

ಪುಣೆಯ ಬಾಜೀರಾವ್ ರಸ್ತೆಯಲ್ಲಿರುವ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ ನೋಡಿ ಬಂದವರ ಬಾಯಲ್ಲಿ ದೀಪಗಳ ಮಾತಿರುತ್ತದೆ, ಅಡಕತ್ತರಿಗಳ ಮಾತಿರುತ್ತದೆ, ಮಸ್ತಾನಿ ಮಹಲಿನದಂತೂ ಇದ್ದೇ ಇರುತ್ತದೆ. ಹುಕ್ಕಾಗಳ ಸುದ್ದಿ ಎತ್ತುವವರು ಕಡಿಮೆ. ಇದನ್ನು ಕಟ್ಟಿದ ದಿನಕರ ಗಂಗಾಧರ ಕೇಳ್ಕರ್ (1896–1990) ಕನ್ನಡಕದ ವ್ಯಾಪಾರಿ, ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಮರಾಠಿ ಕವಿ. 1920ರ ಸುಮಾರಿಗೆ ಆರಂಭವಾದ ಸಂಗ್ರಹಕ್ಕೆ ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿಟ್ಟು, 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಕೇಳ್ಕರ್ ಅವರಿಗೆ ಮುಖ್ಯವಾಗಿದ್ದುದು ಬಳಕೆ. ಹಚ್ಚುವ ವಸ್ತು, ಕತ್ತರಿಸುವ ವಸ್ತು, ಸೇದುವ ವಸ್ತು ಎಂದು ನೋಡುವ ಈ ಕಣ್ಣಿಗೆ ಮನೆಯ ಹಳೆಯ ಸಾಮಾನು ಸಲೀಸಾಗಿ ಒಗ್ಗುತ್ತದೆ. ಆದರೆ ಸೇದುವ ವಸ್ತುಗಳನ್ನೆಲ್ಲ ಒಂದೆಡೆ ತಂದಿಟ್ಟ ಮೇಲೆ ಅವುಗಳೊಳಗೆ ಭೇದ ಹೇಗೆ ಮಾಡುವುದು? ಉದ್ದ ನೋಡಿಯೋ, ಹೊಟ್ಟೆ ನೋಡಿಯೋ, ಊರು ಕೇಳಿಯೋ? ಈ ಪ್ರಶ್ನೆಗೆ ವೈದ್ಯರು, ಅಂಗಡಿಯವರು, ಮಣ್ಣು ಅಗೆಯುವವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಹಳೆಯ ಉತ್ತರ ವೈದ್ಯರದು. ಹೊಗೆಸೊಪ್ಪು ಈ ದೇಶಕ್ಕೆ ಬರುವ ಎಷ್ಟೋ ಶತಮಾನಗಳ ಮೊದಲೇ ಆಯುರ್ವೇದದಲ್ಲಿ ಗಿಡಮೂಲಿಕೆಗಳ ಧೂಮಪಾನ ಒಂದು ಚಿಕಿತ್ಸೆಯಾಗಿತ್ತು. ಅದರ ನಳಿಗೆಗೆ ಧೂಮನೇತ್ರ ಎಂದು ಹೆಸರು. ಚರಕಸಂಹಿತೆ ಅದನ್ನು ಸೇದುವವನ ಬೆರಳಿನಿಂದಲೇ ಅಳೆಯುತ್ತದೆ: ತಲೆಯ ದೋಷ ಹೊರಹಾಕುವ ವೈರೇಚನಿಕ ಧೂಮಕ್ಕೆ 24 ಅಂಗುಲ, ಜಿಡ್ಡಿನ ದ್ರವ್ಯಗಳ ಸ್ನೈಹಿಕಕ್ಕೆ 32, ದಿನಬಳಕೆಯ ಪ್ರಾಯೋಗಿಕಕ್ಕೆ 36. ಸುಶ್ರುತನ ಲೆಕ್ಕ ಬೇರೆ. ಅಲ್ಲಿ ಪ್ರಾಯೋಗಿಕದ ನಳಿಗೆ 48 ಅಂಗುಲದ್ದು, ಕೆಮ್ಮಿಗೆ ಕೊಡುವುದು ಬರೀ 16. ನಳಿಗೆ ಇಷ್ಟು ಉದ್ದವಿರುವುದಕ್ಕೆ ಚರಕ ಕಾರಣವನ್ನೂ ಹೇಳುತ್ತಾನೆ. ದೂರದಿಂದ ಬಂದು, ನಳಿಗೆಯ ಗೆಣ್ಣುಗಳಲ್ಲಿ ತಡೆದು ತೆಳುವಾದ ಹೊಗೆ ಇಂದ್ರಿಯಗಳಿಗೆ ಬಾಧೆ ಮಾಡದು. ಹೀಗೆ ಇಲ್ಲಿ ವಿಂಗಡಣೆ ನಿಂತಿರುವುದು ಹೊಗೆಯ ಮೇಲೆ. ನಳಿಗೆ ನೋಡಲು ಹೇಗಿದೆ ಎಂಬುದು ಲೆಕ್ಕಕ್ಕಿಲ್ಲ. ನನಗಂತೂ ಮುಂದೆ ಬಂದ ಯಾವ ಪದ್ಧತಿಗಿಂತಲೂ ಇದೇ ಹೆಚ್ಚು ಅಚ್ಚುಕಟ್ಟಾಗಿ ಕಾಣುತ್ತದೆ.

ಹೊಗೆಸೊಪ್ಪಿನ ಕಥೆಗೆ ನಮ್ಮ ಬಿಜಾಪುರದ ನಂಟಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕು ಕಂಡು, ಒಂದಿಷ್ಟನ್ನು ಆಗ್ರಾಕ್ಕೆ ಒಯ್ದ. ಜೊತೆಗೆ ಒಯ್ದ ಸೇದುವ ಸಲಕರಣೆಯ ವರ್ಣನೆಯನ್ನೂ ಬರೆದಿಟ್ಟಿದ್ದಾನೆ: ಮೂರು ಮೊಳ ಉದ್ದದ ನಳಿಗೆ, ಎರಡೂ ತುದಿಗೆ ರತ್ನದ ಕೆಲಸ, ಬಾಯಿಗಿಡುವಲ್ಲಿ ಯೆಮನ್ ದೇಶದ ಕೆಂಪು ಅಕೀಕಿನ ಕಲ್ಲು, ಕೆಂಡಕ್ಕೆ ಚಿನ್ನದ ಬಟ್ಟಲು. ಆಸ್ಥಾನದ ಹಕೀಮ ಬೇಡವೆಂದರೂ ಅಕ್ಬರ ಎರಡು ಮೂರು ದಮ್ಮು ಎಳೆದ. ಮಗ ಜಹಾಂಗೀರ್ 1617ರಲ್ಲಿ ತಂಬಾಕು ನಿಷೇಧಿಸಿ ಫರ್ಮಾನು ಹೊರಡಿಸಿದ. ಅದನ್ನು ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ಹುಕ್ಕಾ ಬಳಕೆಗೆ ಬಂದ ಮೇಲೆ ಅದರ ಜಾತಿಗಳು ಸೇದುವವನ ಅಂತಸ್ತಿನ ಪ್ರಕಾರ ಬೆಳೆದವು. ನೆಲದ ಮೇಲೆ ಕೂರಿಸುವ ದೊಡ್ಡದು ಫರ್ಶಿ. ಸುತ್ತಿಕೊಂಡ ಉದ್ದನೆಯ ಮೆತ್ತನೆ ನಳಿಗೆಯದು ಪೇಚ್ವಾನ್. ಅದನ್ನು ಸಜ್ಜುಮಾಡಿ ಕೊಡಲೆಂದೇ ಹುಕ್ಕಾಬರ್ದಾರ್ ಎಂಬ ಆಳು ಬೇಕು. ಕೈಯಲ್ಲಿ ಹಿಡಿದು ಓಡಾಡಬಹುದಾದದ್ದು ಗುಡಗುಡಿ. ತೆಂಗಿನ ಕರಟಕ್ಕೆ ಕೊಳವೆ ಸಿಕ್ಕಿಸಿದರೆ ಅದು ನಾರಿಯಲ್. ನೀರೂ ಬೇಡ, ನಳಿಗೆಯೂ ಬೇಡ ಎಂದವನಿಗೆ ಮಣ್ಣಿನ ಚಿಲುಮೆ. ನಮ್ಮಲ್ಲಿ ಶಿಶುನಾಳ ಷರೀಫರ ತತ್ವಪದಕ್ಕೆ ವಸ್ತುವಾದದ್ದು ಫರ್ಶಿಯಲ್ಲ, ಗುಡಗುಡಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಸ್ತುಗಳು ಪ್ರದರ್ಶನಕ್ಕೆ ಏರಿದಾಗ ವಿಂಗಡಣೆಯ ಆಧಾರ ಬದಲಾಯಿತು. 1851ರ ಲಂಡನ್ ಮಹಾಪ್ರದರ್ಶನದಿಂದ ಹಿಡಿದು ಜಾರ್ಜ್ ವ್ಯಾಟ್ ಸಿದ್ಧಪಡಿಸಿದ 1903ರ ದೆಹಲಿ ಪ್ರದರ್ಶನದ ಕೈಪಿಡಿಯವರೆಗೆ ಮುಖ್ಯವಾದದ್ದು ಯಾವ ಲೋಹ, ಯಾವ ಊರು ಎಂಬುದು. ಬಿದರಿಯಲ್ಲಿ ಬೀದರಿನದು, ಪೂರ್ಣಿಯಾದ್ದು, ಲಖನೌದ್ದು, ಮುರ್ಷಿದಾಬಾದಿನದು. ಮಾರುಕಟ್ಟೆಗೆ ಇಷ್ಟು ಸಾಕಾಗಿತ್ತು. ಆದರೆ ಒಂದೇ ಊರಿನಲ್ಲಿ ನೂರು ವರ್ಷದ ಅಂತರದಲ್ಲಿ ಮಾಡಿದ ಎರಡು ಪಾತ್ರೆಗಳು ಈ ಪಟ್ಟಿಯಲ್ಲಿ ಅಕ್ಕಪಕ್ಕ ಕೂತುಬಿಡುತ್ತವೆ.

ಕಾಲ ಹಿಡಿಯುವ ಕೆಲಸಕ್ಕೆ ನೆರವಾದದ್ದು ಹುಕ್ಕಾದ ತಳದ ಪಾತ್ರೆ. ಬಿದರಿ ಎಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. ಮೈಮೇಲೆ ಬೆಳ್ಳಿಯ ಕುಸುರಿ ಕೂರಿಸಿ, ಬೀದರ್ ಕೋಟೆಯ ಮಣ್ಣು ನವಸಾಗರ ಬೆರೆಸಿದ ನೀರಿನಲ್ಲಿ ಕಪ್ಪು ಹೊಮ್ಮಿಸುತ್ತಾರೆ. ಇದರ ಹಳೆಯ ಹುಕ್ಕಾ ಪಾತ್ರೆಗಳು ಉರುಟು, ತೆಂಗಿನಕಾಯಿಯ ವಂಶದವು. ತಾವಾಗಿ ನಿಲ್ಲಲಾರವು, ಕೊಡಕ್ಕೆ ಸಿಂಬಿ ಇಟ್ಟ ಹಾಗೆ ಕೆಳಗೊಂದು ಲೋಹದ ಬಳೆ ಬೇಕು. ಆಮೇಲಿನವು ಗಂಟೆಯಾಕಾರದವು, ಅಗಲ ತಳದವು, ಯಾವ ಆಸರೆಯೂ ಬೇಡದವು. ಉರುಟು ಪಾತ್ರೆ ಹದಿನೇಳನೆಯ ಶತಮಾನದಿಂದ ಹದಿನೆಂಟರ ಮಧ್ಯದವರೆಗೆ, ಗಂಟೆಯಾಕಾರ ಅಲ್ಲಿಂದ ಮುಂದಕ್ಕೆ ಎಂಬುದು ಸ್ಥೂಲವಾಗಿ ಒಪ್ಪಿತವಾದ ಕ್ರಮ. ನಳಿಗೆ ಉದ್ದವಾದಂತೆ ಅದರ ಜಗ್ಗಾಟಕ್ಕೆ ಉರುಟು ಪಾತ್ರೆ ಜಮಖಾನದ ಮೇಲೆ ಮಗುಚುತ್ತಿತ್ತೇನೋ ಎಂದು ನಾನು ಊಹಿಸುತ್ತೇನೆ.

ಈ ಕ್ರಮ ಸಿಕ್ಕಿದ್ದು ಪಾತ್ರೆಗಳಿಂದಲ್ಲ, ಚಿತ್ರಗಳಿಂದ. ಬಿದರಿಯ ಮೇಲೆ ತೇದಿ ಕೆತ್ತುವುದು ಅಪರೂಪ. ಆದರೆ ದಖ್ಖನಿ, ಮೊಘಲ್ ಕಿರುಚಿತ್ರಗಳಲ್ಲಿ ನವಾಬ ಇಂಥವನೇ ಎಂದು ಗೊತ್ತಾದರೆ ಅವನ ಮಗ್ಗುಲಿನ ಹುಕ್ಕಾಕ್ಕೂ ಒಂದು ಕಾಲ ಸಿಗುತ್ತದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಬಿದರಿ ಕುರಿತು ಸೂಸನ್ ಸ್ಟ್ರಾಂಜ್ 1985ರಲ್ಲಿ ತಂದ ಪುಸ್ತಕ, ಮಾರ್ಕ್ ಜೆಬ್ರೌಸ್ಕಿ 1997ರಲ್ಲಿ ಮೊಘಲ್ ಕಾಲದ ಚಿನ್ನ, ಬೆಳ್ಳಿ, ಕಂಚುಗಳ ಬಗ್ಗೆ ಬರೆದ ಗ್ರಂಥ, ಹೈದರಾಬಾದಿನ ಜಗದೀಶ್ ಮಿತ್ತಲ್ ತಮ್ಮ ಸಂಗ್ರಹದ ಬಿದರಿಯ ಬಗ್ಗೆ 2011ರಲ್ಲಿ ಪ್ರಕಟಿಸಿದ್ದು: ಈ ವಿಷಯದ ಮುಖ್ಯ ಮೆಟ್ಟಿಲುಗಳು ಇವು. ಒಂದು ಎಚ್ಚರ ಮಾತ್ರ ಬೇಕು. ಹೊಸ ಆಕಾರ ಬಂದ ದಿನವೇ ಹಳೆಯದು ಸಾಯುವುದಿಲ್ಲ. ಆಸ್ಥಾನ ಗಂಟೆಗೆ ಬದಲಾಯಿಸಿಕೊಂಡ ಮೇಲೂ ಬಡವನ ಕರಟ ಉರುಟಾಗಿಯೇ ಉಳಿಯಿತು.

ಯುರೋಪಿನ ಬಿಳಿ ಜೇಡಿಮಣ್ಣಿನ ಪೈಪಿಗೆ ಇದಕ್ಕಿಂತ ಒಳ್ಳೆಯ ಅದೃಷ್ಟವಿತ್ತು. ಅದು ಅಗ್ಗ, ಬೇಗ ಒಡೆಯುತ್ತದೆ, ಎಸೆದ ಚೂರು ಮಣ್ಣಿನಲ್ಲಿ ಕೊಳೆಯುವುದಿಲ್ಲ, ಎಷ್ಟೋ ಸಲ ಮಾಡಿದವನ ಮುದ್ರೆಯೂ ಇರುತ್ತದೆ. ತಂಬಾಕು ದುಬಾರಿಯಾಗಿದ್ದ ಆರಂಭದ ದಿನಗಳ ಬಟ್ಟಲು ಎಷ್ಟು ಪುಟ್ಟದೆಂದರೆ, ಇಂಗ್ಲೆಂಡಿನ ಹಳ್ಳಿಗರು ಅವನ್ನು ಯಕ್ಷಿಣಿಯರ ಪೈಪು ಎಂದು ಕರೆದರು. ತಂಬಾಕು ಅಗ್ಗವಾದಂತೆ ಬಟ್ಟಲು ಹಿಗ್ಗಿತು. ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ಉತ್ಖನನ ನಡೆಸಿದ್ದ ಜೆ. ಸಿ. ಹ್ಯಾರಿಂಗ್ಟನ್ ಬಟ್ಟಲು ಬಿಟ್ಟು, ಮುರಿದ ಕೊಳವೆಯ ತೂತಿಗೆ ಕೊರೆಯುವ ಡ್ರಿಲ್ ಬಿಟ್ಟುಗಳನ್ನು ತೂರಿಸಿ ಅಳೆದರು. 1620–50ರ ಪೈಪುಗಳಲ್ಲಿ ಹೆಚ್ಚಾಗಿ 8/64 ಅಂಗುಲವಿದ್ದ ರಂಧ್ರ, 1750–1800ರ ಹೊತ್ತಿಗೆ 4/64ಕ್ಕೆ ಇಳಿದಿತ್ತು. 1954ರಲ್ಲಿ ಪ್ರಕಟವಾದ ಈ ಪಟ್ಟಿಯನ್ನು 1962ರಲ್ಲಿ ಲೂಯಿಸ್ ಬಿನ್‌ಫೋರ್ಡ್ ಒಂದು ಸರಳರೇಖೆಯ ಸೂತ್ರಕ್ಕೆ ಇಳಿಸಿದರು: 1931.85ರಿಂದ, ರಂಧ್ರದ ಸರಾಸರಿ ಅಳತೆಯ 38.26 ಪಟ್ಟನ್ನು ಕಳೆಯಿರಿ. ಅಳತೆ 1/64 ಅಂಗುಲದ ಲೆಕ್ಕದಲ್ಲಿರಲಿ. ಈ ಸೂತ್ರ ನಂಬಿದರೆ 1931ರಲ್ಲಿ ಪೈಪಿನ ತೂತು ಪೂರ್ತಿ ಮುಚ್ಚಿಹೋಗಬೇಕಿತ್ತು! ಹದಿನೆಂಟನೆಯ ಶತಮಾನದ ಕೊನೆಗೆ ಅದು ಹಳಿ ತಪ್ಪುತ್ತದೆಂಬುದು ಬಳಸುವವರಿಗೆಲ್ಲ ಗೊತ್ತು.

ಕಟ್ಟಿಗೆಯ ಪೈಪಿನದು ಶುದ್ಧ ವ್ಯಾಪಾರದ ವ್ಯಾಕರಣ. ಮೆಡಿಟರೇನಿಯನ್ ಸುತ್ತಿನ ಎರಿಕಾ ಅರ್ಬೋರಿಯಾ ಎಂಬ ಪೊದೆಯ ಬುಡದಲ್ಲಿ, ನೆಲದೊಳಗೆ ಬೆಳೆಯುವ ಗಂಟೇ ಬ್ರಾಯರ್. ಬೆಂಕಿಗೆ ಸುಲಭಕ್ಕೆ ಜಗ್ಗದ ಇದನ್ನು 1850ರ ದಶಕದಿಂದ ಫ್ರಾನ್ಸಿನ ಸೇಂಟ್ ಕ್ಲಾಡ್ ಊರು ಪೈಪಾಗಿ ಕಡೆಯಿತು. ಯಂತ್ರದಲ್ಲಿ ಸಾವಿರಗಟ್ಟಲೆ ಕಡೆದಾಗ ಅಂಗಡಿಯವನಿಗೆ ಹೆಸರುಗಳು ಬೇಕಾದವು. ನೆಟ್ಟಗಿನ ಬಟ್ಟಲು ಬಿಲಿಯರ್ಡ್, ಕೆನ್ನೆ ಉಬ್ಬಿದರೆ ಆಪಲ್, ಮೇಲಕ್ಕೆ ಅಗಲವಾದರೆ ಡಬ್ಲಿನ್, ಗಿಡ್ಡವಾದರೆ ಪಾಟ್.

ಈ ಹೆಸರುಗಳಲ್ಲಿ ನನಗೆ ಮೋಜೆನಿಸುವುದು ಒಂದು ನಾಲ್ವರ ಕುಟುಂಬ: ಕೆನೇಡಿಯನ್, ಲಂಬರ್‌ಮನ್, ಲಿವರ್‌ಪೂಲ್, ಲೋವಟ್. ನಾಲ್ಕಕ್ಕೂ ಬಟ್ಟಲು ಅದೇ ಬಿಲಿಯರ್ಡ್. ಬಟ್ಟಲಿಗೆ ಅಂಟಿದ ಕಟ್ಟಿಗೆಯ ಕುತ್ತಿಗೆ ಉದ್ದ, ಬಾಯಲ್ಲಿಡುವ ತುದಿ ಗಿಡ್ಡ. ಕುತ್ತಿಗೆ ಮೊಟ್ಟೆಯಂತೆ ಚಪ್ಪಟೆಯಾಗಿದ್ದು ಬಾಯಿತುದಿ ಸಮನಾಗಿ ಇಳಿದರೆ ಕೆನೇಡಿಯನ್. ಆ ತುದಿ ಬುಡದಲ್ಲೇ ಮೆಟ್ಟಿಲಿಳಿದು ತೆಳುವಾದರೆ ಲಂಬರ್‌ಮನ್. ಕುತ್ತಿಗೆ ದುಂಡಗಿದ್ದರೆ ಇವೇ ಎರಡು ಕ್ರಮವಾಗಿ ಲಿವರ್‌ಪೂಲ್, ಲೋವಟ್. ಎರಡು ಗುಣ, ತಲಾ ಎರಡು ಬಗೆ, ನಾಲ್ಕು ಹೆಸರು. ಇಷ್ಟು ತರ್ಕಬದ್ಧವಾದ ಮೂಲೆ ಈ ಇಡೀ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಗಾತ್ರಕ್ಕೆ ಲೋಕವೆಲ್ಲ ಒಪ್ಪಿದ ಅಳತೆಯೇ ಇಲ್ಲ. 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್‌ರ ಕಂಪನಿ 1950ರ ದಶಕದಲ್ಲಿ 1ರಿಂದ 6ರವರೆಗೆ ಗುಂಪುಗಳನ್ನು ಮಾಡಿತು. ಮುಂದೆ ಅದು ನಾಲ್ಕಂಕಿಯ ಸಂಖ್ಯೆಯೊಳಗೆ ಸೇರಿತು: ಮೊದಲ ಅಂಕಿ ಗಾತ್ರ, ಎರಡನೆಯದು ಬಾಯಿತುದಿಯ ಬಗೆ, ಕೊನೆಯ ಎರಡು ಆಕಾರ. ಬೇರೆ ಕಂಪನಿಗಳ ಸಂಖ್ಯೆಗಳು ಅವರವರ ಮನೆಯ ಲೆಕ್ಕ. ಆ ಹೊತ್ತಿಗೆ ಕೋಪನ್‌ಹೇಗನ್‌ನ ಸಿಕ್ಸ್ಟನ್ ಇವಾರ್ಸನ್ (1910–2001) ಕಟ್ಟಿಗೆಯ ಎಳೆ ಹೇಳಿದ ಕಡೆಗೆ ಕೈ ಬಿಟ್ಟು ಕಡೆಯತೊಡಗಿದ್ದರು. ಪಟ್ಟಿಗೆ ಒಗ್ಗದ ಅಂಥವನ್ನು ಹಾಕಲು ‘ಫ್ರೀಹ್ಯಾಂಡ್’ ಎಂಬ ಹೊಸ ಖಾನೆ ತೆರೆಯಬೇಕಾಯಿತು. ಯಾವ ವಿಂಗಡಣೆಯಲ್ಲೂ ‘ಇತರೆ’ ಎಂಬ ಖಾನೆ ದಪ್ಪಗಾಗುತ್ತ ಹೋಗುವುದು ಹೀಗೆಯೇ.

ಮಣ್ಣಿನ ಚಿಲುಮೆಯ ಸ್ಥಿತಿ ಬೇರೆ. 1939ರಿಂದ ಎಚ್. ಡಿ. ಸಾಂಕಳಿಯಾ ಮತ್ತವರ ಶಿಷ್ಯರು ಮಡಕೆ ಚೂರಿನ ಬಾಯಿ, ತಳ ನೋಡಿ ಕಾಲ ಹೇಳುವ ವಿದ್ಯೆ ಬೆಳೆಸಿದ್ದು ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. ಅವರ ಪಳಗಿದ ಕಣ್ಣಿಗೂ ಚಿಲುಮೆ ಸುಲಭದ ತುತ್ತಲ್ಲ. ಕುಂಬಾರ ಮುದ್ರೆ ಒತ್ತುವುದಿಲ್ಲ. ತುದಿಗೆ ಕಿರಿದಾಗುವ ಗಿಡ್ಡ ಮೈಯಲ್ಲಿ ಹ್ಯಾರಿಂಗ್ಟನ್ ಅಳೆದಂಥ ಸಮನಾದ ಉದ್ದ ತೂತಿಲ್ಲ. ಚಿಲುಮೆ ಹಿಡಿದ ಬೈರಾಗಿಯ ಚಿತ್ರ ಸಿಕ್ಕರೂ ಅವನು ಯಾರೆಂದು ಗೊತ್ತಾಗದೆ ತೇದಿ ಸಿಗುವುದಿಲ್ಲ. ಮೇಲಾಗಿ ಅದರಲ್ಲಿ ಸುಟ್ಟದ್ದು ತಂಬಾಕೋ ಗಾಂಜಾವೋ ಎಂದು ಆಕಾರ ಹೇಳದು. ಅದಕ್ಕೆ ಒಳಮೈಗೆ ಹತ್ತಿದ ಕಿಟ್ಟವನ್ನು ರಸಾಯನಶಾಲೆಗೆ ಕಳಿಸಬೇಕು. ಅಲ್ಲಿಗೆ ಪ್ರಶ್ನೆ ಮತ್ತೆ ಚರಕನ ಹಾದಿಗೇ ಹೊರಳುತ್ತದೆ: ನಳಿಗೆ ಎಂಥದೆಂಬುದು ಆಮೇಲೆ, ಒಳಗೆ ಹೋದ ಹೊಗೆ ಯಾವುದು?