ವೃದ್ಧರ ಆರೈಕೆಯಲ್ಲಿ ಚೀನೀ ವೈದ್ಯಪದ್ಧತಿ

ಮುಪ್ಪಿನಲ್ಲಿ ದೀರ್ಘಕಾಲ ಬೇಕಾಗುವ ಶುಶ್ರೂಷೆಗೆ ಚೀನಾದ ಸಾಂಪ್ರದಾಯಿಕ ವೈದ್ಯವನ್ನು ಬಳಸುವ ಕ್ರಮ. ಅಕ್ಯುಪಂಕ್ಚರ್ (ಸೂಜಿಚಿಕಿತ್ಸೆ), ಮಾಚಿಪತ್ರೆಯ ಜಾತಿಯ ಗಿಡವನ್ನು ಒಣಗಿಸಿ ಸುಟ್ಟು ಕೊಡುವ ಶಾಖ, ಗಿಡಮೂಲಿಕೆ, ಪಥ್ಯಾಹಾರ, ಅಂಗಮರ್ದನ ಹಾಗೂ ತೈ ಚಿ ವ್ಯಾಯಾಮ ಇದರ ಮುಖ್ಯ ಅಂಗಗಳು. ಬಹುಕಾಲ ಮನೆಮಕ್ಕಳ ಹೊಣೆಯಾಗಿದ್ದ ಈ ಆರೈಕೆ ದತ್ತಿ ಆಸ್ಪತ್ರೆಗಳಿಗೂ ಸರ್ಕಾರಿ ಯೋಜನೆಗಳಿಗೂ ಹಬ್ಬಿದ್ದು ಮುಖ್ಯವಾಗಿ 19ನೆಯ ಶತಮಾನದಿಂದ ಈಚೆಗೆ.

ಪ್ರಾಚೀನ ಗ್ರಂಥಗಳು: ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಸಂಕಲನಗೊಂಡ ಹುವಾಂಗ್‌ಡಿ ನೈಜಿಂಗ್ ಹೆಣ್ಣಿನ ಆಯುಸ್ಸನ್ನು 7 ವರ್ಷಗಳ, ಗಂಡಿನ ಆಯುಸ್ಸನ್ನು 8 ವರ್ಷಗಳ ಘಟ್ಟಗಳಾಗಿ ವಿಂಗಡಿಸುತ್ತದೆ; ಮೂತ್ರಪಿಂಡದ ಶಕ್ತಿ ಕುಗ್ಗುವುದನ್ನು ಮುಪ್ಪಿನೊಂದಿಗೆ ಜೋಡಿಸುತ್ತದೆ. ಕ್ರಿ.ಪೂ. 168ರಲ್ಲಿ ಮುಚ್ಚಲಾದ ಮಾವಾಂಗ್‌ದುಯಿ ಸಮಾಧಿಯಲ್ಲಿ ದೊರೆತ ನಾಡೀಮಾರ್ಗಗಳ ಬರಹಗಳಲ್ಲಿ ಶಾಖದ ಚಿಕಿತ್ಸೆಯಿದೆ, ಸೂಜಿಯಿಲ್ಲ. ಸೂಜಿಚಿಕಿತ್ಸೆಯನ್ನು ವ್ಯವಸ್ಥಿತ ಗ್ರಂಥವಾಗಿಸಿದವನು 3ನೆಯ ಶತಮಾನದ ಹುವಾಂಗ್‌ಫು ಮಿ. 7ನೆಯ ಶತಮಾನದ ಸುನ್ ಸಿಮಿಯಾವೊ ವೃದ್ಧರ ಪೋಷಣೆಗೆ ತನ್ನ ಗ್ರಂಥದಲ್ಲಿ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟ.

ಈ ವಿಷಯಕ್ಕೇ ಮೀಸಲಾದ, ಉಳಿದುಬಂದಿರುವ ಮೊದಲ ಚೀನೀ ಕೃತಿ ಯಾಂಗ್‌ಲಾವೊ ಫೆಂಗ್‌ಚಿನ್ ಶು. 11ನೆಯ ಶತಮಾನದಲ್ಲಿ ಇದನ್ನು ರಚಿಸಿದ ಚೆನ್ ಝಿ, ಶಿಂಗ್‌ಹುವಾ ಜಿಲ್ಲೆಯ ಅಧಿಕಾರಿಯಾಗಿದ್ದವನು. ತಂದೆತಾಯಿಯರ ಸೇವೆ ಮಾಡುವ ಮಕ್ಕಳನ್ನು ಉದ್ದೇಶಿಸಿದ ಪುಸ್ತಕವಿದು. ವೃದ್ಧರಿಗೆ ಕಾಯಿಲೆಯಾದರೆ ಮೊದಲು ಆಹಾರದಿಂದ ಸರಿಪಡಿಸಬೇಕು, ಅದು ಫಲಿಸದಿದ್ದರೆ ಮಾತ್ರ ಔಷಧ ಕೊಡಬೇಕು; ಹರೆಯದವರಿಗೆ ಕೊಡುವಂತೆ ಬಲವಾದ ವಾಂತಿ, ಭೇದಿಯ ಮದ್ದುಗಳನ್ನು ಕೊಡಬಾರದು ಎಂಬುದು ಅದರ ನಿಲುವು. ಗಂಜಿ, ಸಾರುಗಳ ಪಾಕವಿಧಾನಗಳು ಹೇರಳವಾಗಿವೆ. 1307ರಲ್ಲಿ ಝೌ ಶುವಾನ್ ಇದನ್ನು ವಿಸ್ತರಿಸಿದ.

ಇಳಿಗಾಲ ಮತ್ತು ದತ್ತಿ ಆಸ್ಪತ್ರೆಗಳು: 1822ರಲ್ಲಿ ಚಿಂಗ್ ಅರಸರು ಸೂಜಿಚಿಕಿತ್ಸೆಯನ್ನು ಅರಮನೆಯ ವೈದ್ಯಶಾಲೆಯಿಂದ ಹೊರಗಿಟ್ಟರು. 1929ರಲ್ಲಿ ದೇಶೀಯ ವೈದ್ಯವನ್ನೇ ರದ್ದುಪಡಿಸುವ ಸಲಹೆ ಬಂದು, ವೈದ್ಯರ ಪ್ರತಿಭಟನೆಯಿಂದ ನಿಂತುಹೋಯಿತು. ಈ ನಡುವೆ ವಸಾಹತು ನಗರಗಳ ಚೀನೀ ವರ್ತಕರು ಬಡ ಕೂಲಿಕಾರರಿಗಾಗಿ ಆಸ್ಪತ್ರೆಗಳನ್ನು ಕಟ್ಟಿಸಿದ್ದರು. ಹಾಂಗ್‌ಕಾಂಗ್‌ನ ತುಂಗ್ ವಾ ಆಸ್ಪತ್ರೆ 1872ರಲ್ಲಿ ಚೀನೀ ಔಷಧದೊಂದಿಗೆ ತೆರೆಯಿತು. ಆ ಸಂಸ್ಥೆ ಇಂದು ವೃದ್ಧಾಶ್ರಮಗಳನ್ನೂ ನಡೆಸುತ್ತದೆ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ 1910ರಲ್ಲಿ ಆರಂಭವಾದ ಕ್ವಾಂಗ್ ವಾಯ್ ಶಿವು ಆಸ್ಪತ್ರೆ ಮುಂದೆ ವೃದ್ಧರ ಶುಶ್ರೂಷಾಲಯವಾಗಿ ಬೆಳೆದರೂ ಚೀನೀ ವೈದ್ಯವನ್ನು ಬಿಡಲಿಲ್ಲ.

ಸರ್ಕಾರಿ ಯೋಜನೆಗಳು: 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ಡುಗಳಲ್ಲಿ ಚೀನೀ ವೈದ್ಯದ ಕಾಲೇಜುಗಳು ಸ್ಥಾಪನೆಯಾದವು. 2013ರಿಂದ ಚೀನಾದಲ್ಲಿ 65 ದಾಟಿದವರ ದೇಹಪ್ರಕೃತಿಯನ್ನು ಈ ಪದ್ಧತಿಯಂತೆ ಗುರುತಿಸಿ ಸಲಹೆ ಕೊಡುವುದು ಸಾರ್ವಜನಿಕ ಆರೋಗ್ಯ ಸೇವೆಯ ಭಾಗವಾಯಿತು. 2017ರಲ್ಲಿ ಚೀನೀ ವೈದ್ಯವನ್ನು ವೃದ್ಧರ ಆರೈಕೆಯೊಂದಿಗೆ ಬೆಸೆಯುವ ನೀತಿ ಪ್ರಕಟವಾಯಿತು. ಹಾಂಗ್‌ಕಾಂಗ್ 2009ರಲ್ಲಿ ಆರಂಭಿಸಿದ ವೃದ್ಧರ ಆರೋಗ್ಯ ವೋಚರನ್ನು ಚೀನೀ ವೈದ್ಯರ ಬಳಿಯೂ ಬಳಸಬಹುದು. ಅಮೆರಿಕದ ಮೆಡಿಕೇರ್ ವಿಮೆ 2020ರ ಜನವರಿಯಿಂದ ದೀರ್ಘಕಾಲದ ಸೊಂಟನೋವಿಗೆ ಮಾತ್ರ ಸೂಜಿಚಿಕಿತ್ಸೆಯ ವೆಚ್ಚ ಭರಿಸುತ್ತಿದೆ: 90 ದಿನಗಳಲ್ಲಿ 12 ಬಾರಿ, ಗುಣ ಕಂಡರೆ ಇನ್ನೂ 8 ಬಾರಿ. 1938ರಲ್ಲಿ ಚೀನಾಕ್ಕೆ ತೆರಳಿದ ಭಾರತೀಯ ವೈದ್ಯ ತಂಡದಲ್ಲಿದ್ದ ಬಿ.ಕೆ. ಬಸು 1959ರಲ್ಲಿ ಕಲ್ಕತ್ತೆಯಲ್ಲಿ ಸೂಜಿಚಿಕಿತ್ಸೆ ಆರಂಭಿಸಿದರು. ಭಾರತ ಸರ್ಕಾರ 2019ರಲ್ಲಿ ಇದಕ್ಕೆ ಸ್ವತಂತ್ರ ಪದ್ಧತಿಯ ಮಾನ್ಯತೆ ನೀಡಿತು.

ಮೌಲ್ಯಮಾಪನ: ಸೂಜಿಚಿಕಿತ್ಸೆಯ ಪುರಾವೆ ಹೆಚ್ಚಾಗಿರುವುದು ಸೊಂಟ, ಮಂಡಿಗಳ ಹಳೆಯ ನೋವಿನ ವಿಷಯದಲ್ಲಿ, ಅಲ್ಲೂ ಲಾಭ ಮಿತವಾದದ್ದು. ತೈ ಚಿ ಅಭ್ಯಾಸದಿಂದ ವೃದ್ಧರು ಬೀಳುವುದು ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಮೂಲಿಕೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ದಾನ್‌ಶೆನ್ ಬೇರು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಕಾರಣವಾಗಬಲ್ಲದು. ಅರಿಸ್ಟೊಲೋಕಿಕ್ ಆಮ್ಲವಿದ್ದ ಚೀನೀ ಮೂಲಿಕೆಯಿಂದ ಬೆಲ್ಜಿಯಂನಲ್ಲಿ ಹಲವರ ಮೂತ್ರಪಿಂಡ ವಿಫಲವಾದದ್ದು 1993ರಲ್ಲಿ ವರದಿಯಾಯಿತು. ದಿನಕ್ಕೆ ಹಲವು ಮಾತ್ರೆ ನುಂಗುವ ವೃದ್ಧರಿಗೆ ಈ ಪದ್ಧತಿ ವೈದ್ಯರ ನಿಗಾದಲ್ಲಿ ನಡೆಯುವ ಪೂರಕ ಚಿಕಿತ್ಸೆಯೇ ಹೊರತು ಆಧುನಿಕ ಚಿಕಿತ್ಸೆಗೆ ಬದಲಿಯಲ್ಲ.