ಪಿಯೆತಾ ಅನಾಥಾಲಯದ ವಾದ್ಯವೃಂದ ಮತ್ತು ವಂದನೀಯ ವಿವಾಲ್ಡಿ

ವಂದನೀಯ ಅಂತೋನಿಯೊ ವಿವಾಲ್ಡಿಯವರ 'ಗ್ಲೋರಿಯಾ' ಇಂದು ಜಗತ್ತಿನ ಅನೇಕ ಇಗರ್ಜಿಗಳಲ್ಲಿ ಕೇಳಿಬರುವ ಕೃತಿ. ಅವರ 'ನಾಲ್ಕು ಋತುಗಳು' ಎಂಬ ಹೆಸರು ತಿಳಿಯದವರೂ ಅದರ ಒಂದೆರಡು ತುಣುಕುಗಳನ್ನು ಎಲ್ಲಾದರೂ ಕೇಳಿರುತ್ತಾರೆ. ಆದರೆ ಅವರೊಬ್ಬ ಕಥೋಲಿಕ ಗುರುಗಳಾಗಿದ್ದರು, ಅವರ ಅನೇಕ ಕೃತಿಗಳು ತಂದೆತಾಯಿ ಯಾರೆಂದು ತಿಳಿಯದ ಹೆಣ್ಣುಮಕ್ಕಳ ವಾದ್ಯವೃಂದಕ್ಕಾಗಿಯೇ ರಚಿತವಾದವು ಎಂಬ ವಿಷಯ ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿಲ್ಲ. ಆ ಮಕ್ಕಳ ಕುರಿತು ಇಲ್ಲಿ ಸಂಕ್ಷಿಪ್ತ ಮಾಹಿತಿ ನೀಡುತ್ತಿದ್ದೇವೆ.

ಇಟಲಿಯ ವೆನಿಸ್ ನಗರದಲ್ಲಿ 'ಓಸ್ಪೆದಾಲೆ ದೆಲ್ಲಾ ಪಿಯೆತಾ' ಎಂಬ ಅನಾಥಾಲಯವನ್ನು 1346ರಲ್ಲಿ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿಯೊಬ್ಬರು ಆರಂಭಿಸಿದರು. ಬಡತನಕ್ಕೋ ಲೋಕಾಪವಾದಕ್ಕೋ ಅಂಜಿದವರು ತಮ್ಮ ಕೂಸುಗಳನ್ನು ಅದರ ಗೋಡೆಯ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಕೆಲವು ತಾಯಂದಿರು ಪದಕವೊಂದನ್ನು ಕತ್ತರಿಸಿ ಅರ್ಧ ಭಾಗವನ್ನು ಮಗುವಿನ ಜೊತೆಗಿಟ್ಟು, ಇನ್ನರ್ಧವನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಎಂದಾದರೊಂದು ದಿನ ಮಗುವನ್ನು ಹಿಂದಕ್ಕೆ ಪಡೆಯಬಹುದೆಂಬ ಆಸೆ ಅದರಲ್ಲಿತ್ತು. ಗಂಡುಮಕ್ಕಳು ಕಸುಬು ಕಲಿತು ಹೊರಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಮದುವೆಯಾಗಬೇಕು, ಕಾನ್ವೆಂಟ್ ಸೇರಬೇಕು, ಇಲ್ಲವಾದರೆ ಕೊನೆಯವರೆಗೂ ಅಲ್ಲಿಯೇ ಇರಬೇಕು. ಹೆಚ್ಚಿನವರದು ಹೊಲಿಗೆ, ಕಸೂತಿ, ಮನೆಗೆಲಸ. ಸಂಗೀತದ ಒಲವಿದ್ದವರನ್ನು ಮಾತ್ರ ಪ್ರತ್ಯೇಕ ವಿಭಾಗಕ್ಕೆ ಸೇರಿಸಿ ವರ್ಷಗಟ್ಟಲೆ ತರಬೇತಿ ಕೊಡುತ್ತಿದ್ದರು.

ಈ ಮಕ್ಕಳಿಗೆ ಮನೆತನದ ಹೆಸರಿರಲಿಲ್ಲ. ನುಡಿಸುವ ವಾದ್ಯವೇ ಅವರ ಮನೆತನ. ಪಿಟೀಲು ನುಡಿಸುವ ಅನ್ನಾ ಮರಿಯಾ 'ಅನ್ನಾ ಮರಿಯಾ ದಾಲ್ ವಿಯೊಲಿನ್' ಎಂದೇ ಯುರೋಪಿನಲ್ಲಿ ಪ್ರಸಿದ್ಧಳಾದಳು. ಆಕೆ ಪಿಯೆತಾದಲ್ಲಿಯೇ ಬೆಳೆದು, ಅಲ್ಲಿಯೇ ಕಲಿಸಿ, 1782ರಲ್ಲಿ ಅಲ್ಲಿಯೇ ತೀರಿಕೊಂಡಳು.

ವಿವಾಲ್ಡಿಯವರಿಗೆ 1703ರಲ್ಲಿ ಗುರುದೀಕ್ಷೆಯಾಯಿತು. ಅದೇ ವರ್ಷ ಪಿಯೆತಾದಲ್ಲಿ ಪಿಟೀಲು ಶಿಕ್ಷಕರಾಗಿ ನೇಮಕಗೊಂಡರು. ಎದೆಯ ಕಾಯಿಲೆಯ ಕಾರಣ ನೀಡಿ ಅವರು ಬಲಿಪೂಜೆ ಅರ್ಪಿಸುವುದನ್ನು ಬೇಗನೆ ನಿಲ್ಲಿಸಿದರು. ಈ ಬಗ್ಗೆ ಆ ಕಾಲದಲ್ಲಿಯೇ ಟೀಕೆಗಳಿದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆಡಳಿತ ಮಂಡಳಿ 1709ರಲ್ಲಿ ಅವರನ್ನು ಕೈಬಿಟ್ಟು 1711ರಲ್ಲಿ ಮತ್ತೆ ಕರೆಸಿಕೊಂಡಿತು. 1723ರಿಂದ ತಿಂಗಳಿಗೆ ಎರಡು ಹೊಸ ಕಂಚೆರ್ಟೊಗಳನ್ನು ಒದಗಿಸುವ ಒಪ್ಪಂದವಾಯಿತು. ಆದರೆ ದಿನನಿತ್ಯದ ಪಾಠವೆಲ್ಲ ಹೊರಗಿನ ಗುರುಗಳದ್ದೇ ಎಂದು ತಿಳಿಯಬಾರದು. ಕಲಿತ ಹಿರಿಯ ಹುಡುಗಿಯರೇ ಕಿರಿಯರಿಗೆ ಕಲಿಸುತ್ತಿದ್ದರು. ಹಿರಿಯರು ಹೋದರೂ ವೃಂದ ಒಡೆಯದೆ ತಲೆಮಾರುಗಳ ಕಾಲ ನಡೆದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಭಾನುವಾರ ಮತ್ತು ಹಬ್ಬದ ದಿನಗಳ ಸಂಜೆಯ ಪ್ರಾರ್ಥನಾವಿಧಿಯೇ ಕಚೇರಿ. ತಪಸ್ಸುಕಾಲದಲ್ಲಿ ನಗರದ ನಾಟಕಶಾಲೆಗಳು ಮುಚ್ಚುತ್ತಿದ್ದುದರಿಂದ ಜನ ಇನ್ನಷ್ಟು ಸೇರುತ್ತಿದ್ದರು. ಕುರ್ಚಿಗಳ ಬಾಡಿಗೆ, ದಾನ, ಉಯಿಲುಗಳಿಂದ ಬಂದ ಹಣ ಅನಾಥಾಲಯದ ಖರ್ಚಿಗೆ ಆಸರೆಯಾಗುತ್ತಿತ್ತು. ಹುಡುಗಿಯರು ಮೇಲಿನ ಅಟ್ಟಣೆಯಲ್ಲಿ ಜಾಲರಿಯ ಹಿಂದೆ ಕುಳಿತಿರುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ದೇವಾಲಯವಾದ್ದರಿಂದ ಚಪ್ಪಾಳೆ ತಟ್ಟುವಂತಿಲ್ಲ. ಜನರು ಕೆಮ್ಮಿ, ಕಾಲು ಸವರಿ ಮೆಚ್ಚುಗೆ ತೋರಿಸುತ್ತಿದ್ದರಂತೆ! 1739ರಲ್ಲಿ ಭೇಟಿ ನೀಡಿದ ಫ್ರಾನ್ಸಿನ ಶಾರ್ಲ್ ದ ಬ್ರೋಸ್, ಒಂದೊಂದು ಕಚೇರಿಯಲ್ಲಿ ಸುಮಾರು 40 ಹುಡುಗಿಯರು ಭಾಗವಹಿಸುತ್ತಿದ್ದರೆಂದು ಬರೆದಿದ್ದಾರೆ. ಕೆಲವು ವರ್ಷಗಳ ನಂತರ ತತ್ವಜ್ಞಾನಿ ರೂಸೋ ಇಂತಹದೇ ಇನ್ನೊಂದು ಸಂಸ್ಥೆಯಾದ ಮೆಂಡಿಕಾಂತಿಯಲ್ಲಿ ಹುಡುಗಿಯರನ್ನು ಎದುರಿಗೆ ಕಾಣಲು ಅನುಮತಿ ಪಡೆದರು. ಒಬ್ಬಳಿಗೆ ಒಂದು ಕಣ್ಣಿಲ್ಲ, ಇನ್ನೊಬ್ಬಳ ಮುಖದ ತುಂಬ ಸಿಡುಬಿನ ಕಲೆ. ಮೊದಲು ನಿರಾಶೆಗೊಂಡ ಅವರು ಮತ್ತೆ ಹೋಗಿ ಹಾಡು ಕೇಳಿದಾಗ ಅವರನ್ನು ಸುಂದರಿಯರೆಂದೇ ಭಾವಿಸಿದರು.

ಒಂದು ನಿಯಮ ಮಾತ್ರ ನಮಗೆ ಒಪ್ಪಿಗೆಯಾಗದು. ಮದುವೆಯಾಗಿ ಹೊರಗೆ ಹೋಗುವ ಹುಡುಗಿ ಇನ್ನು ಮುಂದೆ ವೆನಿಸಿನಲ್ಲಿ ಬಹಿರಂಗವಾಗಿ ಹಾಡುವುದಿಲ್ಲ, ನುಡಿಸುವುದಿಲ್ಲ ಎಂದು ಬರೆದುಕೊಡಬೇಕಾಗಿತ್ತು. ಮಗುವಾಗಿದ್ದಾಗ ಆಶ್ರಯ ಕೊಟ್ಟ ಮನೆಯೇ ದೊಡ್ಡವಳಾದಾಗ ಅವಳ ವಿದ್ಯೆಯನ್ನು ಕಟ್ಟಿಹಾಕಿತು.

ವಿವಾಲ್ಡಿಯವರು 1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲಿ ನಿಧನರಾದರು. ಪ್ರವಾಸಿಗರು ಇಂದು ನೋಡುವ ಪಿಯೆತಾ ದೇವಾಲಯ ಕಟ್ಟಿದ್ದು ಆ ಬಳಿಕ. 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದುಹೋಯಿತು, ಅವರ ಸಂಗೀತವನ್ನೂ ಜನ ಬಹುಮಟ್ಟಿಗೆ ಮರೆತರು. 1926ರಲ್ಲಿ ಉತ್ತರ ಇಟಲಿಯ ಸಲೇಸಿಯನ್ ಗುರುಗಳ ಕಾಲೇಜೊಂದರಲ್ಲಿ ಹಸ್ತಪ್ರತಿಗಳ ದೊಡ್ಡ ರಾಶಿ ಬೆಳಕಿಗೆ ಬಂತು. ಅದನ್ನು ಟ್ಯೂರಿನ್ ಗ್ರಂಥಾಲಯಕ್ಕಾಗಿ ಕೊಳ್ಳಲು ರೊಬೆರ್ತೊ ಫೊವಾ ಎಂಬವರು ಹಣ ನೀಡಿದರು. ತೀರಿಕೊಂಡ ತಮ್ಮ ಪುಟ್ಟ ಮಗ ಮಾವ್ರೊನ ಹೆಸರಿಡಬೇಕೆಂದಷ್ಟೇ ಅವರ ಅಪೇಕ್ಷೆ. ಉಳಿದರ್ಧ ಸಂಗ್ರಹ ಸಿಕ್ಕಾಗ 1930ರಲ್ಲಿ ಫಿಲಿಪ್ಪೊ ಜೊರ್ದಾನೊ ಕೂಡ ಹಾಗೆಯೇ ಅಗಲಿದ ಮಗ ರೆಂಜೊನ ನೆನಪಿಗಾಗಿ ಕೊಂಡುಕೊಟ್ಟರು.

'ಗ್ಲೋರಿಯಾ' ಈ ಹಸ್ತಪ್ರತಿಗಳಿಂದಲೇ ಹೊರಬಂದು 1939ರಲ್ಲಿ ಸಿಯೆನಾದಲ್ಲಿ ಮತ್ತೆ ಮೊಳಗಿತು. ಅದರಲ್ಲಿ ಗಂಡಸರ ಧ್ವನಿಯ ಟೆನರ್ ಮತ್ತು ಬಾಸ್ ಭಾಗಗಳೂ ಇವೆ, ಆದರೆ ಪಿಯೆತಾದಲ್ಲಿ ಹಾಡುತ್ತಿದ್ದವರೆಲ್ಲ ಹೆಂಗಸರು. ಕೆಲವರು ಆ ತಗ್ಗಿನ ಸ್ವರವನ್ನು ಇದ್ದಂತೆಯೇ ಹಾಡಿರಬೇಕು, ಇಲ್ಲವೇ ಬಾಸ್ ಭಾಗವನ್ನು ಒಂದು ಸ್ಥಾಯಿ ಮೇಲೆ ಹಾಡಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಗಂಡಸರ ಕೊರತೆಯಿಂದ ಈ ಕೃತಿಯನ್ನು ಕೈಬಿಟ್ಟ ಗಾಯನ ಮಂಡಳಿಗಳು ಈ ಎರಡು ದಾರಿಗಳಲ್ಲಿ ಒಂದನ್ನು ಪ್ರಯತ್ನಿಸಿ ನೋಡಬಹುದು.